ಓದುಗರ ಸ್ಪಂದನ: ಕೆಲಸವಿಲ್ಲದ ಕೆಲಸ

ಕೆಂಗೇರಿಯ ಓದುಗರೊಬ್ಬರ ಪತ್ರ ಕಳೆದ ವಾರ ಪ್ರಕಟವಾಗಿತ್ತು. ಐಟಿ ಕೆಲಸ. ಪ್ರಾಜೆಕ್ಟ್ ಮುಗಿದು ತಿಂಗಳುಗಳಾದವು, ಈಗ ‘ಬೆಂಚಿನಲ್ಲಿದ್ದಾರೆ’, ಅಂದರೆ ಸಂಬಳ ಬರುತ್ತದೆ, ಮಾಡಲು ಕೆಲಸವಿಲ್ಲ. ಆದರೂ ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಕಾರ್ಡ್ ಸ್ವೈಪ್ ಮಾಡಬೇಕು. ಕೆಲಸದಲ್ಲಿದ್ದಾರೆಂದು ತೋರಿಸುವ ಲ್ಯಾಪ್‌ಟಾಪಿನ ಹಸಿರು ಚುಕ್ಕೆ ಆರದಂತೆ ಆಗಾಗ ಮೌಸ್ ಅಲ್ಲಾಡಿಸಬೇಕು. ಮನೆಯಲ್ಲಿ ಹೇಳಿಲ್ಲ. ಹೋಮ್ ಲೋನ್ ಇದೆ. ‘ಬಿಟ್ಟುಬಿಡಲಾ?’ ಎಂದು ಕೇಳಿದ್ದರು.

ಮೊದಲು ಬಂದ ಪತ್ರ ಇದು:

ಕೆಲಸ ಮಾಡದೆ ಸಂಬಳ ಬರುವುದೂ ಒಂದು ಸಮಸ್ಯೆಯಾ? ನಮ್ಮ ಕಡೆ ಬಂದು ಒಂದು ದಿನ ಕಾಯಿ ಸುಲಿಯಿರಿ, ಎಲ್ಲ ಸರಿಹೋಗುತ್ತೆ.
– ತೆಂಗು ಬೆಳೆಗಾರ, ತಿಪಟೂರು

ಮುಂದಿನದು ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ಅಣ್ಣಾ, ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೆ. ಶುಕ್ರವಾರ ಬಂತೆಂದರೆ ಸ್ಟೇಟಸ್ ರಿಪೋರ್ಟ್. ಪ್ರತಿ ಸಾಲಿನ ಮುಂದೆ ಕೆಂಪು, ಹಳದಿ ಇಲ್ಲವೇ ಹಸಿರು ಬಣ್ಣ ತುಂಬಬೇಕು. ಹಸಿರೆಂದರೆ ಎಲ್ಲ ಸರಿಯಿದೆ ಅಂತ. ಒಮ್ಮೆ ಹಳದಿ ಹಾಕಿದೆ, ನಿಜಕ್ಕೂ ತೊಂದರೆ ಇತ್ತು. ಮ್ಯಾನೇಜರ್ ಕರೆದು, ‘ಹಳದಿ ನೋಡಿದರೆ ಕ್ಲೈಂಟ್ ಮೀಟಿಂಗ್ ಕರೀತಾರಮ್ಮ, ಹಸಿರು ಮಾಡಿಬಿಡು’ ಅಂದರು. ಮಾಡಿದೆ. ಆಮೇಲೆ ಎಲ್ಲವೂ ಹಸಿರೇ. ಹಾಗೆ ಹಸಿರಾಗಿದ್ದ ಪ್ರಾಜೆಕ್ಟ್ ಒಂದು ದಿನ ಮುಚ್ಚಿಹೋಯಿತು! ಆಗಲೂ ಯಾರೂ ಆ ರಿಪೋರ್ಟ್ ತೆಗೆದು ನೋಡಲಿಲ್ಲ.

ನಮ್ಮಮ್ಮ ಅಂಗನವಾಡಿ ಕಾರ್ಯಕರ್ತೆ. ಸಂಜೆ ಬಂದು ಯಾವ ಮಗುವಿನ ತೂಕ ಏರಿತು, ಯಾವುದು ಮೊಟ್ಟೆ ತಿನ್ನಲಿಲ್ಲ ಅಂತ ಹೇಳುತ್ತಿದ್ದಳು. ‘ನಿಂದೇನಾಯ್ತೇ ಇವತ್ತು?’ ಅಂದರೆ ‘ಮೀಟಿಂಗ್ ಇತ್ತು’ ಅನ್ನುತ್ತಿದ್ದೆ. ನನ್ನ ಸಂಬಳ ಅವಳ ಗೌರವಧನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆ ಲೆಕ್ಕ ನೆನೆದರೆ ಈಗಲೂ ನಾಚಿಕೆ.

ಬಿಡಿ ಅಂತಲೂ ಹೇಳಲಾರೆ, ಇರಿ ಅಂತಲೂ ಹೇಳಲಾರೆ. ನಾನಾಗಿ ಬಿಟ್ಟವಳಲ್ಲ, ಅವರೇ ಕಳಿಸಿದರು.
– ಓದುಗಿ, ದಾವಣಗೆರೆ

ಪ್ರಯಾಣದ ಬಗ್ಗೆ ಕೆಂಗೇರಿಯ ಓದುಗರು ಏನೂ ಕೇಳಿರಲಿಲ್ಲ. ಆದರೂ:

ಬಸ್ಸಿನಲ್ಲಿ ಯಾಕೆ ಒದ್ದಾಡ್ತೀರಿ? ಮೆಟ್ರೊದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗ ಹತ್ತಿ ಆರ್.ವಿ. ರಸ್ತೆ, ಅಲ್ಲಿಂದ ಹಳದಿ ಮಾರ್ಗ. 2025ರ ಆಗಸ್ಟ್‌ನಿಂದ ಓಡುತ್ತಿದೆ. ಅರ್ಧ ತಲೆನೋವು ಅಲ್ಲೇ ಹೋಗುತ್ತೆ.
– ನಿವೃತ್ತ ರೈಲ್ವೆ ನೌಕರ, ಬೆಂಗಳೂರು

ಇದನ್ನು ಒಬ್ಬರ ಮನಸ್ಸಿನ ದೌರ್ಬಲ್ಯ ಎಂದವರೇ ಹೆಚ್ಚು. ಹಾಗಲ್ಲ ಎಂದವರು ಇವರು:

1961ರ ನಮ್ಮ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿದೆ. 2025ರಲ್ಲಿ ಆ 9ನ್ನು 10 ಮಾಡುವ, ಓವರ್‌ಟೈಮ್ ಸೇರಿಸಿ 12ರ ತನಕ ಏರಿಸುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಇರುವ ಗಂಟೆಗಳಿಗೇ ಕೆಲಸ ಕೊಡದೆ ಕೂರಿಸುವ ಕಂಪನಿಗಳಿಗೆ ಇನ್ನಷ್ಟು ಗಂಟೆ ಯಾತಕ್ಕೆ? ಒಬ್ಬರೇ ಕೂತು ಕೊರಗಬೇಡಿ, ಸಂಘಕ್ಕೆ ಬನ್ನಿ. ರಾಜೀನಾಮೆ ಕೊಡಿ ಅಂತ ಒತ್ತಾಯ ಬಂದರೆ ಸಹಿ ಮಾತ್ರ ಹಾಕಬೇಡಿ.
– ಐಟಿ ನೌಕರ, ವೈಟ್‌ಫೀಲ್ಡ್

ಕೊನೆಯದು ಹಾಸನದಿಂದ. ಕೆಂಗೇರಿಯವರು ಇದನ್ನು ಎರಡು ಸಲ ಓದಲಿ.

ಹೆಂಡತಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ನಮ್ಮವರೂ ಹೀಗೇ ಮುಚ್ಚಿಟ್ಟಿದ್ದರು. ಊಟದ ಹೊತ್ತಿಗೆ ಬರುತ್ತಿದ್ದ ಆಫೀಸ್ ಫೋನು ನಿಂತಾಗಲೇ ನನಗೆ ಗೊತ್ತಾಗಿತ್ತು. ಅವರೇ ಹೇಳಲಿ ಅಂತ ಸುಮ್ನೆ ಇದ್ದೆ. ಹೇಳಿಬಿಡಿ. ಲೋನ್ ಕಂತು, ಸ್ಕೂಲ್ ಫೀಸು ಎಲ್ಲ ಇಬ್ಬರೂ ಕೂತು ಲೆಕ್ಕ ಹಾಕಿ. ಬಿಡುವ ಮಾತು ಆಮೇಲೆ.
– ಗೃಹಿಣಿ, ಹಾಸನ

ಊರಿಗೆ ಹೋಗಿ ಹಸು ಸಾಕಿ ಎಂದು ಸಲಹೆ ಕೊಟ್ಟ ಪತ್ರಗಳೂ ಸಾಕಷ್ಟಿವೆ. ಬರೆದವರಲ್ಲಿ ಹಸು ಸಾಕಿದವರು ಯಾರೂ ಕಾಣದ್ದರಿಂದ ಅವನ್ನು ಪ್ರಕಟಿಸಿಲ್ಲ.
– ಸಂ.