‘ದನಿ’ ಮತ್ತು ‘ಧ್ವನಿ’: ಎರಡನ್ನೂ ಬೇರೆ ಮಾಡಬಹುದೇ?

ಗೆಳೆಯರೇ,

ಕತೆಗಳ ಭಾಷೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ‘ಧ್ವನಿ’ ಎಂಬ ಪದದ ಹತ್ತಿರ ನಿಂತುಬಿಡುತ್ತೇನೆ. ‘ಈ ಸಾಲಿನ ಧ್ವನಿ’ ಅಂದರೆ ಪಾತ್ರ ಮಾತಾಡಿದ ರೀತಿಯೋ, ಮಾತಿನೊಳಗೆ ಅಡಗಿದ ಅರ್ಥವೋ? ಎರಡಕ್ಕೂ ಇದೇ ಪದ ಬಳಸುತ್ತಿದ್ದೇವೆ.

ಒಂದು ಸಾಲು ನೋಡಿ. ಗಂಡ ತಡವಾಗಿ ಮನೆಗೆ ಬಂದಿದ್ದಾನೆ. ‘ಊಟ ತಣ್ಣಗಾಯಿತು’ ಎನ್ನುತ್ತಾಳೆ ಹೆಂಡತಿ. ಇದು ಬರೀ ಸುದ್ದಿ. ‘ತಣ್ಣಗಾಗಿಬಿಟ್ಟಿತು’ ಎಂದರೆ ಸುದ್ದಿಗೆ ಬೇಸರ ಸೇರಿತು. ಈಗ ‘ಊಟವೂ ತಣ್ಣಗಾಯಿತು’ ಎಂದು ಓದಿ. ಸೇರಿದ್ದು ಒಂದೇ ಒಂದು ‘ಊ’. ಊಟದ ಜೊತೆ ಇನ್ನೇನು ತಣ್ಣಗಾಗಿದೆ? ಕತೆಗಾರ ಹೇಳುವುದಿಲ್ಲ. ಅವಳು ಅದನ್ನು ಸಿಟ್ಟಿನಲ್ಲಿ ಹೇಳಲಿ, ಮೆಲ್ಲಗೆ ಹೇಳಲಿ, ಆ ಪ್ರಶ್ನೆ ಹಾಗೇ ಉಳಿಯುತ್ತದೆ. ಅಂದಮೇಲೆ ಹೇಳುವ ರೀತಿ ಬೇರೆ, ಉಳಿಯುವ ಅರ್ಥ ಬೇರೆ ಅಲ್ವಾ?

9ನೇ ಶತಮಾನದಲ್ಲಿ ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನ ‘ಧ್ವನ್ಯಾಲೋಕ’ ಎಂಬ ತನ್ನ ಗ್ರಂಥದಲ್ಲಿ ಧ್ವನಿ ಎಂದದ್ದು ಹೀಗೆ ಹೇಳದೆ ಹೊಳೆಯುವ ಅರ್ಥಕ್ಕೆ. ಅದಕ್ಕೆ ವ್ಯಂಗ್ಯಾರ್ಥ ಎಂಬ ಹೆಸರೂ ಇದೆ. ಆದರೆ ಇವತ್ತು ‘ವ್ಯಂಗ್ಯ’ ಅಂದರೆ ಚುಚ್ಚುಮಾತು. ‘ಅವಳ ಮಾತಿನ ವ್ಯಂಗ್ಯ’ ಎಂದು ಬರೆದರೆ ಓದುವವರು ಅವಳು ಗಂಡನನ್ನು ಚುಚ್ಚಿದಳು ಎಂದೇ ತಿಳಿಯುತ್ತಾರೆ. ಆ ಸಾಲಿನ ನೋವೇ ಕಳೆದುಹೋಗುತ್ತದೆ.

ಅದಕ್ಕೇ ಹೇಳುವ ರೀತಿಗೆ ‘ದನಿ’, ಹೊಳೆಯುವ ಅರ್ಥಕ್ಕೆ ‘ಧ್ವನಿ’ ಎಂದು ಬೇರೆ ಮಾಡಿಕೊಂಡರೆ ಹೇಗೆ? ದನಿ ಎಂಬುದು ಧ್ವನಿಯ ತದ್ಭವವೇ. ತತ್ಸಮ, ತದ್ಭವ ಎರಡೂ ಉಳಿದು ಬೇರೆ ಬೇರೆ ದಾರಿ ಹಿಡಿದದ್ದು ಕನ್ನಡಕ್ಕೆ ಹೊಸದಲ್ಲ. ಪರ್ವದಿಂದ ಬಂದದ್ದೇ ಹಬ್ಬ. ಆದರೂ ಮಹಾಭಾರತಕ್ಕೆ 18 ಪರ್ವ ಎನ್ನುತ್ತೇವೆ, 18 ಹಬ್ಬ ಎನ್ನುವುದಿಲ್ಲ. ಶ್ರೀ ಮತ್ತು ಸಿರಿ ಕೂಡ ಹಾಗೆಯೇ.

‘ಧಾಟಿ’ ಇದೆಯಲ್ಲ ಎಂದು ಕೆಲವರು ಕೇಳಬಹುದು. ನನ್ನ ಕಿವಿಗೆ ಧಾಟಿ ಇಡೀ ಮಾತಿನ, ಇಡೀ ಬರಹದ ನಡೆಗೆ ಒಪ್ಪುತ್ತದೆ. ಒಂದು ಸಾಲಿನೊಳಗಿನ ಸಿಟ್ಟಿಗೋ ದಣಿವಿಗೋ ಅಷ್ಟು ಹೊಂದುವುದಿಲ್ಲ.

ನನಗಿರುವ ಅಳುಕು ಒಂದೇ. ಬರಹದಲ್ಲಿ ಈ ಎರಡು ಪದ ಚೆನ್ನಾಗಿ ಬೇರೆಯಾಗುತ್ತವೆ. ಬಾಯಲ್ಲಿ ಹೇಳುವಾಗ ಮಹಾಪ್ರಾಣ ಬಿಟ್ಟುಹೋದರೆ ಕೇಳುವವರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಪಾಠ ಹೇಳುವವರು ಇದನ್ನು ಹೇಗೆ ನಿಭಾಯಿಸುತ್ತೀರಿ? ರೀತಿಗೆ ಬೇರೆ ಪದ ಬಳಸುತ್ತಿದ್ದರೆ, ಒಂದು ಸಾಲಿನ ಉದಾಹರಣೆ ಕೊಟ್ಟು ತಿಳಿಸಿ.