ಸೀಲಿಂಗ್ ವಾಲ್‌ಪೇಪರ್ ಕಿತ್ತಾಯ್ತು, ಅದರ ಮೇಲೇನೇ ಪುಟ್ಟಿ ಎಳೀಬಹುದಾ?

ನಿಟ್ಟುವಳ್ಳಿ ಮನೆ:
ದಾವಣಗೆರೆ, ಹಳೇ ಆರ್‌ಸಿಸಿ ಮನೆ, 10×12 ಅಡಿ ಕೋಣೆ. ಸೀಲಿಂಗಿನ ವಾಲ್‌ಪೇಪರ್ ಕಿತ್ತಿದ್ದೀವಿ. ಅಲ್ಲಲ್ಲಿ ತೆಳ್ಳನೆ ಕಾಗದ ಉಳಿದಿದೆ, ಉಳಿದ ಕಡೆ ಮುಟ್ಟಿದ್ರೆ ನುಣುಪು. ಒಂದು ಮೂಲೇಲಿ ಬಿಳಿ ಪುಡಿ ಕೈಗೆ ಹತ್ತುತ್ತೆ. ‘ಎರಡು ಕೈ ಪುಟ್ಟಿ ಎಳೆದ್ರೆ ಎಲ್ಲಾ ಮುಚ್ಚಿಹೋಗುತ್ತೆ’ ಅಂತಾರೆ ಪೇಂಟರ್. ಒಪ್ಪಬಹುದಾ?

ಬ್ರಷ್ಷು-ಬಕೆಟ್ಟು:
ಬೇಡ್ರಿ. ಆ ನುಣುಪೇ ಅಂಟು. ಪುಟ್ಟಿಯ ನೀರು ಕುಡಿದು ಉಬ್ಬುತ್ತೆ, ಒಣಗುವಾಗ ಮುದುರುತ್ತೆ, ಮೇಲಿನ ಪದರನ್ನೂ ಹಪ್ಪಳದ ಹಾಗೆ ಎಬ್ಬಿಸುತ್ತೆ.

ಫ್ಯಾನ್ ಲೈನಿನ ಎಂಸಿಬಿ (ಮೀಟರ್ ಬೋರ್ಡಿನ ಸ್ವಿಚ್) ಇಳಿಸಿ, ಫ್ಯಾನ್ ಬಿಚ್ಚಿಡಿ. ಒಂದು ಸಲಕ್ಕೆ ಎರಡಡಿ ಚೌಕ ಮಾತ್ರ ಬಿಸಿನೀರಿನ ಸ್ಪಂಜಿನಿಂದ ನೆನೆಸಿ, ಹತ್ತು ನಿಮಿಷ ಬಿಟ್ಟು ನಾಲ್ಕಿಂಚಿನ ಸ್ಕ್ರೇಪರ್ ಓರೆಯಾಗಿ ಹಿಡಿದು ಕೆರೀರಿ. ಆಮೇಲೆ ಬೇರೆ ಬಕೆಟ್ಟಿನ ಶುದ್ಧ ನೀರಲ್ಲಿ ತೊಳೀರಿ. ಎಲ್ಲರೂ ತಪ್ಪೋದು ಇಲ್ಲೇ: ಕದಡಿದ ನೀರಲ್ಲೇ ಒರೆಸಿದ್ರೆ ಅಂಟನ್ನೇ ತೆಳ್ಳಗೆ ಸವರಿದ ಹಾಗಾಗುತ್ತೆ. ಪೂರ್ತಿ ಒಣಗಿದ ಮೇಲೆ ಒದ್ದೆ ಬೆರಳಿಂದ ಉಜ್ಜಿ. ಜಾರಿದ್ರೆ ಇನ್ನೊಂದು ಸುತ್ತು. ಪಿಷ್ಟದ ಅಂಟಾದ್ರೆ ಟಿಂಚರ್ ಅಯೋಡಿನ್ ಹನಿಸಿದ ಜಾಗ ಕಪ್ಪು-ನೀಲಿ ಆಗುತ್ತೆ. ಸ್ಟಿಕ್ಕರ್ ಥರದ್ದಾದ್ರೆ ನೀರಿಗೆ ಬಗ್ಗಲ್ಲ. ಬಟ್ಟೆಗೆ ಟರ್ಪೆಂಟೈನ್ ಹಾಕಿ ಒರೆಸಬೇಕು. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಇರಬಾರದು.

ದುರ್ಗದ ಗಾರೆ:
ಬಿಳಿ ಪುಡಿ ಹಳೇ ಸುಣ್ಣವೂ ಆಗಿರಬಹುದು, ತೇವದ ಜೊತೆ ಬಂದ ಉಪ್ಪೂ ಆಗಿರಬಹುದು. ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಗಡೆ ನೀರಿನ ಹನಿ ಕಂಡ್ರೆ ಮೊದಲು ತಾರಸಿ ರಿಪೇರಿ, ಆಮೇಲೆ ಬಣ್ಣದ ಮಾತು. ಉಪ್ಪನ್ನ ಒಣ ಬ್ರಷ್ಷಲ್ಲಿ ಉದುರಿಸಿ. ತೊಳೆದ್ರೆ ಕರಗಿ ಮತ್ತೆ ಗಾರೆಯೊಳಗೇ ಹೋಗುತ್ತೆ. ಸುಣ್ಣವಾದ್ರೆ ಗಾರೆ ಕಾಣೋವರೆಗೂ ಕೆರೀಬೇಕು, ಬೇರೆ ದಾರಿ ಇಲ್ಲ.

ಆಮೇಲೆ ಬಿರುಕುಗಳನ್ನ ಸ್ವಲ್ಪ ಅಗಲಿಸಿ ತುಂಬಿ, ಒಣಗಲಿ. ವೈಟ್ ಸಿಮೆಂಟ್ ಪುಟ್ಟಿ ಕೆಜಿಗೆ 350–400 ಎಂಎಲ್ ನೀರು. ಎರಡು ಗಂಟೆಯಲ್ಲಿ ಮುಗಿಯೋಷ್ಟೇ ಕಲಸಿ. ಗಟ್ಟಿಯಾದದ್ದಕ್ಕೆ ಮತ್ತೆ ನೀರು ಬೆರೆಸಿದ್ರೆ ಹಿಡಿತ ಹೋಗುತ್ತೆ. ಹಚ್ಚೋಕೆ ಮುಂಚೆ ಗಾರೆಯನ್ನ ತೇವ ಮಾಡಿ. ನಮ್ಮ ಕಡೆ ಬೇಸಿಗೇಲಿ ಒಣ ಗಾರೆ ಪುಟ್ಟಿಯ ನೀರನ್ನ ತಕ್ಷಣ ಹೀರಿಬಿಡುತ್ತೆ. ಎರಡು ಕೈ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು.

ನಿಟ್ಟುವಳ್ಳಿ ಮನೆ:
ಥ್ಯಾಂಕ್ಸ್ ಸರ್. ಅಂಚಿಗೆ ಪಿಒಪಿ ಪಟ್ಟಿ ಇದೆ, ಅದಕ್ಕೂ ಇದೇ ಪುಟ್ಟಿನಾ?

ದುರ್ಗದ ಗಾರೆ:
ಇಲ್ಲ, ಪಿಒಪಿ ಮೇಲೆ ಸಿಮೆಂಟ್ ಪುಟ್ಟಿ ನಿಲ್ಲಲ್ಲ. ಹಿಂಡಿದ ಸ್ಪಂಜಲ್ಲಿ ಒರೆಸಿ, ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಅಕ್ರಿಲಿಕ್ ಪುಟ್ಟಿ.

ಬ್ರಷ್ಷು-ಬಕೆಟ್ಟು:
ಪುಟ್ಟಿ ಉಜ್ಜೋಕೆ 220ರ ಎಮರಿ ಪೇಪರ್ ಸಾಕು. ಮಾಸ್ಕು, ಕನ್ನಡಕ ಬಿಡಬೇಡಿ, ಪುಡಿ ನೇರ ಕಣ್ಣಿಗೇ ಬೀಳುತ್ತೆ. ರಾತ್ರಿ ಟಾರ್ಚಿನ ಬೆಳಕನ್ನ ಸೀಲಿಂಗಿಗೆ ಓರೆಯಾಗಿ ಬಿಟ್ಟು ನೋಡಿ, ಹಗಲು ಕಾಣದ ಉಬ್ಬು-ತಗ್ಗು ಕಾಣುತ್ತೆ. ಪ್ರೈಮರ್ ಹೊಡೆಯೋಕೆ ಮುಂಚೆ ಒದ್ದೆ ಬಟ್ಟೆಯಿಂದ ದೂಳು ತೆಗೀರಿ.