ಸಹಾಯ ಬೇಕು: ಬಳ್ಳಾರಿಯಲ್ಲಿ ಜಿಮ್ ಫ್ರಾಂಚೈಸಿ, ಸಹಿ ಹಾಕೋ ಮುಂಚೆ

ಎಲ್ಲರಿಗೂ ನಮಸ್ಕಾರ. ಜಾಗ ಗಾಂಧಿನಗರದ ಕಡೆ, ಮೊದಲ ಮಹಡಿ, 3,000 ಚದರಡಿ. ಜಿಮ್ ನಡೆಸಿದೋರು, ಸ್ಟ್ರಕ್ಚರಲ್ ಇಂಜಿನಿಯರ್ ಯಾರಾದ್ರೂ ಇದ್ರೆ ದಯವಿಟ್ಟು ಹೇಳ್ರಿ.

ದೊಡ್ಡ ಚಿಂತೆ ರಾಯಲ್ಟಿದು, ಅಂದ್ರೆ ಬ್ರ್ಯಾಂಡ್ ಕಂಪನಿಗೆ ನಾವು ಕಟ್ಟೋ ಪಾಲು. ಅದು ಲಾಭದ ಮೇಲಲ್ಲ, ಒಟ್ಟು ವಸೂಲಿ ಮೇಲೆ. ನಷ್ಟದ ತಿಂಗಳಲ್ಲೂ ಕಟ್ಟಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಶುಲ್ಕದ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ, ಆದ್ರೆ ಇನ್‌ಪುಟ್ ಕ್ರೆಡಿಟ್ (ಖರ್ಚಿನ ಮೇಲೆ ನಾವು ಕಟ್ಟಿದ ಜಿಎಸ್‌ಟಿಯನ್ನ ನಮ್ಮ ತೆರಿಗೆಯಲ್ಲಿ ಮುರಿದುಕೊಳ್ಳೋ ಅವಕಾಶ) ಇಲ್ಲ. ಹಂಗಾಗಿ ರಾಯಲ್ಟಿ ಮೇಲಿನ ಶೇ 18 ತೆರಿಗೆ ಪೂರ್ತಿ ನಮ್ಮ ಖರ್ಚೇ. ವರ್ಷದ ಫೀ ಒಮ್ಮೆಗೇ ಬಂದಾಗ, ಅದನ್ನ 12 ತಿಂಗಳಿಗೆ ಹಂಚಿ ರಾಯಲ್ಟಿ ಕಟ್ಟೋ ಹಂಗೆ ಕರಾರಲ್ಲಿ ಬರೆಸಿಕೊಂಡೋರು ಇದ್ದೀರಾ? ಫ್ರಾಂಚೈಸಿ ಅವಧಿ 5 ವರ್ಷ, ಕಟ್ಟಡದ ಬಾಡಿಗೆ ಕರಾರು 3 ವರ್ಷ. ಮಾಲೀಕರು ಬಿಡಿಸಿದ್ರೆ ಒಳಾಂಗಣಕ್ಕೆ ಹಾಕಿದ ದುಡ್ಡೆಲ್ಲ ಹೋದಂಗೆ.

ಮೊದಲ ಮಹಡಿ ಅಲ್ವಾ, ಸ್ಲ್ಯಾಬ್ ಜಿಮ್ ಭಾರ ತಡೆಯುತ್ತಾ ಅನ್ನೋ ಚಿಂತೆನೂ ಇದೆ. ವಾಸದ ಮನೆ ಸ್ಲ್ಯಾಬಿಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರದ ಲೆಕ್ಕ, ಜಿಮ್‌ಗೆ ಸುಮಾರು 500. ಹಳೇ ಸ್ಲ್ಯಾಬ್ ಪರೀಕ್ಷೆ ಮಾಡೋರು ಬಳ್ಳಾರೀಲಿ ಯಾರಿದಾರೆ?

ಇನ್ನೊಂದು, ನಮ್ಮ ಧೂಳು. ಟ್ರೆಡ್‌ಮಿಲ್ ಬೆಲ್ಟಿನಡಿ ಕೂತ್ರೆ ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಂಟ್ರೋಲ್ ಬೋರ್ಡ್ ಸುಡುತ್ತೆ. ರಿಪೇರಿಗೆ ಹೊಸಪೇಟೆ, ಕೊಪ್ಪಳದ ಕಡೆ ಮೆಕ್ಯಾನಿಕ್ ಸಿಗ್ತಾರಾ, ಬೆಂಗಳೂರಿಂದಲೇ ಕರೆಸಬೇಕಾ?